ಮರಿಗೆ ಭೇದಿ ಆದಾಗ "ಹುಳ ಇರ್ತಾವೆ ಬಿಡ್ರೀ" ಅಂದವರ ಮಾತು ನಂಬಬೇಡಿ

ಹೊಸದಾಗಿ ತಂದ ನಾಯಿಮರಿಗೆ ಭೇದಿ ಶುರುವಾಗಿದೆಯಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ಭೇದಿಯ ಜೊತೆ ವಾಂತಿಯೂ ಇದ್ದರೆ, ಅಥವಾ ರಕ್ತ ಕಂಡಿದ್ದರೆ, ಓದುವುದು ಆಮೇಲೆ. ಮೊದಲು ಪಶುವೈದ್ಯರ ಹತ್ತಿರ ಓಡಿ.

ದಾವಣಗೆರೆಯಲ್ಲಿರುವ ನಮ್ಮಕ್ಕ ಕಳೆದ ಮಳೆಗಾಲದಲ್ಲಿ ಒಂದು ಕಪ್ಪು ಲ್ಯಾಬ್ ಮರಿ ತಂದಳು. ಮನೆಯಲ್ಲೇ ಮರಿ ಮಾಡಿಸಿ ಮಾರುವವನೊಬ್ಬನಿಂದ. ಐದು ವಾರದ ಮರಿ. ನಾಯಿಮರಿ ಮಾರಾಟದ ಬಗ್ಗೆ ಕೇಂದ್ರ ಸರ್ಕಾರ ಮಾಡಿದ 2017ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ, ಆದರೆ ಅದನ್ನು ಕೇಳುವವರು ಯಾರು? ಜೊತೆಗೊಂದು ಕಾರ್ಡ್ ಕೊಟ್ಟ. ಅದರಲ್ಲಿ "ಡಿವರ್ಮಿಂಗ್ ಆಗಿದೆ" ಅಂತ, ಅಂದರೆ ಹುಳದ ಔಷಧ ಹಾಕಿದೆ ಅಂತ, ಪೆನ್ನಿನಲ್ಲಿ ಗೀಚಿತ್ತು. ಯಾವ ಔಷಧ, ಯಾವ ತಾರೀಖು, ಮರಿಯ ತೂಕ ಎಷ್ಟು, ಒಂದೂ ಇಲ್ಲ.

ಮನೆಗೆ ಬಂದ ಸ್ವಲ್ಪ ದಿನಕ್ಕೇ ಭೇದಿ ಶುರುವಾಯಿತು. ಅಕ್ಕ ಅವನಿಗೇ ಫೋನ್ ಮಾಡಿದಳು. "ಏನ್ ಆಗಲ್ಲ ಬಿಡ್ರೀ ಅಕ್ಕಾ, ಮರಿಗೆ ಹುಳ ಇರ್ತಾವೆ, ಮಾತ್ರೆ ಕಳಿಸ್ತೀನಿ" ಅಂದ. ಹುಡುಗನೊಬ್ಬನ ಕೈಯಲ್ಲಿ ಕತ್ತರಿಸಿದ ಸ್ಟ್ರಿಪ್ ಬಂತು. ಔಷಧದ ಹೆಸರೂ ಇಲ್ಲ, ಎಕ್ಸ್‌ಪೈರಿ ತಾರೀಖೂ ಇಲ್ಲ. ಅರ್ಧ ಮಾತ್ರೆ ಹಾಕಿ ಅಂದಿದ್ದ. ಹಾಕಿದ ಮೇಲೆ ಶಾವಿಗೆಯಂಥ ಬಿಳಿ ಹುಳಗಳು ಹೊರಗೆ ಬಂದವು. "ನಾನು ಹೇಳ್ಲಿಲ್ವಾ?" ಅಂತ ಅವನಿಗೆ ಖುಷಿಯೋ ಖುಷಿ. ಮೋಸ ಆಗಿದ್ದೇ ಅಲ್ಲಿ. ಹುಳ ಇದ್ದದ್ದು ನಿಜ. ಆದರೆ ಮರಿ ಮಲಗಿದಲ್ಲಿಂದ ಏಳಲಿಲ್ಲ, ನೀರು ಕುಡಿದರೂ ವಾಂತಿ ಮಾಡಿತು, ಆಮೇಲೆ ಭೇದಿಯಲ್ಲಿ ರಕ್ತ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಆಗಲೂ ಫೋನಿನಲ್ಲಿ ಅದೇ ಉತ್ತರ: "ಹುಳ ಸಾಯ್ತಾ ಇದಾವೆ, ಇನ್ನರ್ಧ ಹಾಕ್ರಿ."

ಅಕ್ಕ ಹಾಕಲಿಲ್ಲ, ಆಟೋ ಹಿಡಿದಳು. ಡಾಕ್ಟರ್ ಮಲದ ಸ್ಯಾಂಪಲ್ ತೆಗೆದು ಕಿಟ್‌ನಲ್ಲಿ ಪರೀಕ್ಷೆ ಮಾಡಿದರು. ಪಾರ್ವೋ, ಅಂದರೆ ಮರಿಗಳ ಕರುಳಿಗೆ ಬಡಿಯುವ ವೈರಸ್ ಕಾಯಿಲೆ. ತೂಗಿ ನೋಡಿದರೆ ಮರಿ ಮೂರು ಕಿಲೋ ಕೂಡ ಇರಲಿಲ್ಲ. ನಾಯಿಗಳಿಗೆ ಸಾಮಾನ್ಯವಾಗಿ ಕೊಡುವ ಹುಳದ ಮಾತ್ರೆ ಎಷ್ಟೋ ಬ್ರಾಂಡ್‌ಗಳಲ್ಲಿ ಹತ್ತು ಕಿಲೋಗೆ ಒಂದರ ಲೆಕ್ಕ, ಅರ್ಧ ಅಂದರೆ ಐದು ಕಿಲೋ ಮರಿಗಾಗುವಷ್ಟು. "ಆ ಮಾತ್ರೆಯಿಂದ ಈ ಕಾಯಿಲೆ ಬಂದಿಲ್ಲ, ಹುಳ ಅಂದ್ಕೊಂಡು ಕಾದ ಹೊತ್ತೇ ಕೆಟ್ಟದ್ದು" ಅಂದರು ಡಾಕ್ಟರ್. ಪಾರ್ವೋ ವೈರಸ್ಸನ್ನೇ ಕೊಲ್ಲುವ ಮಾತ್ರೆ ಇಲ್ಲಿನ ಕ್ಲಿನಿಕ್‌ಗಳಲ್ಲಿ ಸಿಗುವುದಿಲ್ಲ. ಡ್ರಿಪ್ ಹಾಕಿ, ವಾಂತಿ ನಿಲ್ಲಿಸಿ, ಬ್ಯಾಕ್ಟೀರಿಯಾ ಸೋಂಕು ಮೈಗೆ ಹರಡದಂತೆ ಇಂಜೆಕ್ಷನ್ ಕೊಟ್ಟು, ಮರಿಯ ಮೈ ತಾನೇ ಗೆಲ್ಲುವವರೆಗೆ ಕಾಯಬೇಕು. ಚಿಕಿತ್ಸೆ ಸಿಗದಿದ್ದರೆ ಹೆಚ್ಚಿನ ಮರಿಗಳು ಉಳಿಯುವುದಿಲ್ಲ. ನಮ್ಮ ಕರಿಯ ಉಳಿದ. ಅದೇ ಸೂಲಿನ ಇನ್ನೊಂದು ಮರಿ ಅದೇ ವಾರ ಸತ್ತಿತು ಅಂತ ಆಮೇಲೆ ಗೊತ್ತಾಯಿತು.

ಹಾಗಂತ ಹುಳದ ಔಷಧ ಬೇಡ ಅಂತಲ್ಲ. ದುಂಡುಹುಳದ ಮರಿಗಳು ತಾಯಿಯ ಮೈಯಲ್ಲಿ ಸುಮ್ನೆ ಅಡಗಿದ್ದು, ಗಬ್ಬವಾದಾಗ ಎಚ್ಚೆತ್ತು ಹೊಟ್ಟೆಯಲ್ಲಿರುವ ಮರಿಗಳಿಗೆ ದಾಟುತ್ತವೆ. ಹಾಲಿನಲ್ಲೂ ಬರುತ್ತವೆ. ಕೊಕ್ಕೆಹುಳ ರಕ್ತ ಹೀರಿ ಮರಿಯನ್ನು ಬಿಳಚಿಸುತ್ತದೆ. ಮಾತ್ರೆ ಮುಖ್ಯವಾಗಿ ಕರುಳಲ್ಲಿರುವ ಹುಳಗಳನ್ನು ಕೊಲ್ಲುತ್ತದೆ, ಮೈಯೊಳಗೆ ಓಡಾಡುತ್ತಿರುವವು ಆಮೇಲೆ ಕರುಳಿಗೆ ಇಳಿಯುತ್ತವೆ. ಅದಕ್ಕೇ ಎರಡನೇ ವಾರದಿಂದ ಎಂಟನೇ ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ರೂಢಿ. "ಒಂದ್ಸಲ ಹಾಕಿದೀವಿ, ಸಾಕು" ಅಂದರೆ ಅದು ಅರ್ಧ ಕೆಲಸ. ಈ ಹುಳದ ಮೊಟ್ಟೆ ಮಣ್ಣಿನ ಮೂಲಕ ಮಕ್ಕಳ ಬಾಯಿಗೂ ಹೋಗಬಹುದು, ಅಂಗಳದಲ್ಲಿ ಆಡುವ ಮಕ್ಕಳಿರುವ ಮನೆಯವರು ಗಮನಿಸಿ.

ಔಷಧ ಹಾಕಿದ ಮೇಲೆ ಒಂದು ದಿನ ಮಲ ಸಡಿಲವಾಗುವುದು, ಒಮ್ಮೆ ವಾಂತಿ ಆಗುವುದು ಮಾಮೂಲಿ, ಮರಿ ಓಡಾಡಿಕೊಂಡಿದ್ದರೆ. ಮತ್ತೆ ಮತ್ತೆ ವಾಂತಿ, ರಕ್ತ, ಮಂಕು, ಬಿಳಚಿದ ಅಥವಾ ಅಂಟಂಟಾದ ವಸಡು ಇದ್ದರೆ ಅದು ಮಾಮೂಲಿ ಅಲ್ಲ. ವಾಂತಿ ಮಾಡುತ್ತಿರುವ ಮರಿಗೆ ಸಿರಿಂಜಿನಲ್ಲಿ ನೀರು, ಗಂಜಿ ತುರುಕಬೇಡಿ, ಪುಪ್ಪುಸಕ್ಕೆ ಹೋಗುತ್ತದೆ. ಹಸುವಿನ ಹಾಲು ಬೇಡ, ಎಷ್ಟೋ ಮರಿಗಳಿಗೆ ಅದರಿಂದಲೇ ಭೇದಿ ಜಾಸ್ತಿಯಾಗುತ್ತದೆ. ಹುಳಕ್ಕೆ ಬೆಳ್ಳುಳ್ಳಿ ಅರೆದು ಕುಡಿಸುವವರೂ ಇದ್ದಾರೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಮನೆಯಲ್ಲಿ ಮಕ್ಕಳಿಗೆ ತಂದ ಆಲ್ಬೆಂಡಜೋಲ್ ಮಾತ್ರೆಯನ್ನೂ ಮುಟ್ಟಬೇಡಿ, ಅದು ನಾಯಿಯ ಮೂಳೆಮಜ್ಜೆಗೆ ಪೆಟ್ಟು ಕೊಟ್ಟ ಉದಾಹರಣೆಗಳಿವೆ. ದನಕ್ಕೆ ಹಾಕುವ ಐವರ್ಮೆಕ್ಟಿನ್ ಇಂಜೆಕ್ಷನ್ ಅಂತೂ ಹತ್ತಿರ ಸುಳಿಯಲೇ ಬಾರದು.

ಮರಿ ಕೊಳ್ಳುವಾಗ ಕಾರ್ಡ್ ಬಿಡಿಸಿ ನೋಡಿ. ಔಷಧದ ಹೆಸರು, ತೂಕ, ತಾರೀಖು ಇರಬೇಕು. ಲಸಿಕೆ ಹಾಕಿದ್ದರೆ ಬಾಟಲಿಯ ಸ್ಟಿಕ್ಕರ್ ಅಂಟಿಸಿ ಡಾಕ್ಟರ್ ಸೀಲ್ ಹಾಕಿರುತ್ತಾರೆ. ಪಾರ್ವೋ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೂ ಬೇಕು. ಒಂದು ಡೋಸ್ ಆಗಿದೆ ಅಂತ ಪಾರ್ಕಿಗೆ ಕರೆದುಕೊಂಡು ಹೋಗಬೇಡಿ.

ಕರಿಯ ಮನೆಗೆ ಬಂದ ಮೇಲೆ ಅಕ್ಕ ಫಿನಾಯಿಲ್ ಹಾಕಿ ಮನೆ ಒರೆಸಲು ಹೊರಟಿದ್ದಳು. ಅದಕ್ಕೆ ಈ ವೈರಸ್ ಜಗ್ಗುವುದಿಲ್ಲ. ಒಂದು ಪಾಲು ಲಿಕ್ವಿಡ್ ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ, ನೆಲವನ್ನು ಮೊದಲು ತೊಳೆದು, ಆಮೇಲೆ ಹತ್ತು ನಿಮಿಷ ಒದ್ದೆ ಇರುವಂತೆ ಒರೆಸಬೇಕು. ಅಂಗಳದ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಪಕ್ಕದ ಮನೆಯವರು ಮರಿ ತರುವ ಯೋಚನೆಯಲ್ಲಿದ್ದರು, ಲಸಿಕೆ ಪೂರ್ತಿಯಾದದ್ದನ್ನೇ ತನ್ನಿ ಅಂತ ಅಕ್ಕ ಹೇಳಿ ಬಂದಿದ್ದಾಳೆ.