ಪೆಸ್ 2017ರ ಸ್ಟೇಡಿಯಂ ಪೆಸ್ 2021ಕ್ಕೆ: ಚಾಮುಂಡಿ ವಿಹಾರದ ಮೇಲೆ ಮೂರು ದಾರಿಗಳ ಹೋಲಿಕೆ

ಪೆಸ್ (ಪ್ರೊ ಇವೊಲ್ಯೂಶನ್ ಸಾಕರ್) ಅಂದರೆ ಕೊನಾಮಿ ಕಂಪನಿಯ ಫುಟ್‌ಬಾಲ್ ವಿಡಿಯೋ ಗೇಮ್. ಅದರ 2017ರ ಆವೃತ್ತಿಗೆ ಅಂತ ಮಾಡಿದ ಸ್ಟೇಡಿಯಂ ನಿಮ್ಮ ಹತ್ತಿರ ಇದೆ, ಅದನ್ನು ಪೆಸ್ 2021ರಲ್ಲಿ ಆಡಬೇಕು. ಇದಕ್ಕೆ ಮೂರು ದಾರಿ ಇವೆ. ಹಳೇ ಫೈಲ್‌ಗಳನ್ನು ಇದ್ದ ಹಾಗೇ ಹೊಸ ಆಟಕ್ಕೆ ಹಾಕಿ ನೋಡುವುದು ಒಂದು. ಅಭಿಮಾನಿಗಳು ಬರೆದ ಕನ್ವರ್ಟರ್‌ಗೆ ಕೊಟ್ಟು ಬದಲಾಯಿಸಿಕೊಳ್ಳುವುದು ಇನ್ನೊಂದು. ಬ್ಲೆಂಡರ್ ಅನ್ನುವ 3ಡಿ ಮಾಡೆಲ್ ಮಾಡುವ ಪ್ರೋಗ್ರಾಂನಲ್ಲಿ ಬಿಚ್ಚಿ, ಸರಿ ಮಾಡಿ, ಹೊಸದಾಗಿ ಎಕ್ಸ್‌ಪೋರ್ಟ್ ಮಾಡುವುದು ಮೂರನೆಯದು. ಮೂರನ್ನೂ ಒಂದೇ ಸ್ಟೇಡಿಯಂ ಮೇಲೆ ಮಾಡಿ ನೋಡಿದ್ದೇನೆ. ನನ್ನ ಓಟು ಬ್ಲೆಂಡರ್‌ಗೆ. ಆದರೆ ಎಲ್ಲರಿಗೂ ಅದೇ ಬೇಕು ಅಂತೇನಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಸ್ಟೇಡಿಯಂ ಯಾವುದು ಅಂದರೆ ನಮ್ಮ ಮೈಸೂರಿನ ನಜರ್‌ಬಾದಿನ ಚಾಮುಂಡಿ ವಿಹಾರ. ದಸರಾ ಕ್ರೀಡಾಕೂಟ ನಡೆಯುತ್ತಲ್ಲ, ಅದೇ. ಮಾಡೆಲ್ ಮಾಡಿದವನು ಮಂಡ್ಯದ ಗೆಳೆಯ. ಬಂದು ಫೋಟೋ ತೆಗೆದು, ಮೆಟ್ಟಿಲು ಎಣಿಸಿ, ಕಷ್ಟಪಟ್ಟು ಮಾಡಿದ್ದಾನೆ. ಹಳೇ ಆಟದಿಂದ ಹೊಸದಕ್ಕೆ ತರುವ ಕೆಲಸ ನನ್ನದು. ಯುರೋಪಿನ ದೊಡ್ಡ ದೊಡ್ಡ ಮೈದಾನಗಳು ಆಟದ ಜೊತೆಗೇ ಬರುತ್ತವೆ, ಬಾರದಿದ್ದರೂ ಯಾರಾದರೂ ಮಾಡಿ ಹಂಚುತ್ತಾರೆ. ನಮ್ಮೂರಿನ ಮೈದಾನ ಪರದೆ ಮೇಲೆ ಬರಬೇಕು ಅಂದರೆ ನಾವೇ ತರಬೇಕು. ಅದಕ್ಕೇ ಇದರ ಮೇಲೆ ಇಷ್ಟು ಹಟ.

ಪರೀಕ್ಷೆಗೆ ಈ ಮೈದಾನ ಒಳ್ಳೆಯ ಆಯ್ಕೆ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಇಲ್ಲಿ ಹುಲ್ಲಿನ ಸುತ್ತ ಓಟದ ಟ್ರ್ಯಾಕ್ ಇದೆ. 400 ಮೀಟರ್ ಟ್ರ್ಯಾಕಿನ ಸಾಮಾನ್ಯ ಅಳತೆಯಲ್ಲಿ ತಿರುವಿನ ತ್ರಿಜ್ಯ 36.5 ಮೀಟರ್, ನೇರ ಭಾಗ 84.39 ಮೀಟರ್. ನಮ್ಮ ಮಾಡೆಲ್ ಇದೇ ಅಳತೆಯದು. ಅದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಕಣ ಇಟ್ಟು ಲೆಕ್ಕ ಹಾಕಿ ನೋಡಿ. ಕಾರ್ನರ್ ಬಾವುಟದಿಂದ ಟ್ರ್ಯಾಕಿಗೆ ಬರೀ ಒಂದು ಮೀಟರ್ ಜಾಗ ಉಳಿಯುತ್ತದೆ. ಗೋಲಿನ ಹಿಂದೆ ಮಾತ್ರ ಉಲ್ಟಾ. ಗೋಲ್ ಗೆರೆಯಿಂದ ಟ್ರ್ಯಾಕಿನ ಒಳ ಅಂಚಿಗೆ 26 ಮೀಟರ್, ಅದರಾಚೆ 1.22 ಮೀಟರಿನ ಎಂಟು ಲೇನ್. ಅಂದರೆ ಗೋಲಿನ ಹಿಂದೆ ಕೂತ ಜನ ಕಮ್ಮಿ ಅಂದರೂ 36 ಮೀಟರ್ ದೂರ. ಆಟದ ಜೊತೆ ಬರುವ ಬಹಳಷ್ಟು ಸ್ಟೇಡಿಯಂಗಳಲ್ಲಿ ಜನ ಗೋಲಿನ ಬೆನ್ನಿಗೇ ಇರುತ್ತಾರೆ. ಈ ವ್ಯತ್ಯಾಸವೇ ಆಮೇಲೆ ದೊಡ್ಡ ತಲೆನೋವಾಯಿತು.

ಇನ್ನೊಂದು, ಬೆಟ್ಟ. ಸ್ಟ್ಯಾಂಡಿನ ಹಿಂದೆ ಚಾಮುಂಡಿ ಬೆಟ್ಟ ಕಾಣದಿದ್ದರೆ ಅದು ಮೈಸೂರೇ ಅಲ್ಲ, ಅಲ್ವಾ? ಗೆಳೆಯ ಅದನ್ನು ಒಂದು ದೊಡ್ಡ ಚಪ್ಪಟೆ ಹಾಳೆಯ ಮೇಲೆ ಚಿತ್ರವಾಗಿ ಹಾಕಿದ್ದಾನೆ. ಬೆಟ್ಟದ ಅಂಚಿನಿಂದ ಮೇಲಿನ ಭಾಗ ಪಾರದರ್ಶಕ, ಅಲ್ಲಿ ಆಟದ ಆಕಾಶ ಕಾಣಬೇಕು. ರಾತ್ರಿಯ ಆವೃತ್ತಿಯಲ್ಲಿ ಬೆಟ್ಟದ ಮೇಲೆ ‘ಸುಸ್ವಾಗತ’ ದೀಪವೂ ಇದೆ.

ಈಗ ಫೈಲ್ ವಿಷಯ. ಪೆಸ್ 2014ರಿಂದ 2021ರವರೆಗೆ ಕೊನಾಮಿ ಬಳಸಿದ್ದು ಫಾಕ್ಸ್ ಎಂಜಿನ್, ಅಂದರೆ ಆಟ ನಡೆಸುವ ಮೂಲ ತಂತ್ರಾಂಶ. ಮಾಡೆಲ್ ಎಫ್‌ಎಂಡಿಎಲ್ ಫೈಲಿನಲ್ಲಿ, ಅದರ ಮೇಲೆ ಹೊದಿಸುವ ಬಣ್ಣದ ಚಿತ್ರ, ಅಂದರೆ ಟೆಕ್ಸ್ಚರ್, ಎಫ್‌ಟೆಕ್ಸ್ ಫೈಲಿನಲ್ಲಿ. ಮಾಡೆಲ್‌ಗಳನ್ನೆಲ್ಲ ಎಫ್‌ಪಿಕೆ ಅನ್ನುವ ಗಂಟಿನಲ್ಲಿ ಕಟ್ಟಿಟ್ಟಿರುತ್ತಾರೆ. ಒಂದೊಂದು ಸ್ಟೇಡಿಯಂಗೂ ನಾಲ್ಕು ಆವೃತ್ತಿ: ಡಿಎಫ್ ಅಂದರೆ ಹಗಲು ಬಿಸಿಲು, ಡಿಆರ್ ಹಗಲು ಮಳೆ, ಎನ್‌ಎಫ್ ರಾತ್ರಿ, ಎನ್‌ಆರ್ ರಾತ್ರಿ ಮಳೆ. ಎಂಜಿನ್ ಒಂದೇ ಆದ್ದರಿಂದ ಫೈಲಿನ ಹೆಸರು ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತವೆ. ಆದರೆ ಪೆಸ್ 2018 ಡೈರೆಕ್ಟ್‌ಎಕ್ಸ್ 11ಕ್ಕೆ, ಅಂದರೆ ವಿಂಡೋಸ್‌ನಲ್ಲಿ ಗ್ರಾಫಿಕ್ಸ್ ಮೂಡಿಸುವ ಹೊಸ ವ್ಯವಸ್ಥೆಗೆ ಹೋಯಿತು. ಪೆಸ್ 2020ರಲ್ಲಿ ಬೆಳಕಿನ ರೀತಿ ಮತ್ತೆ ಬದಲಾಯಿತು. ಹೆಸರು ಅದೇ, ಒಳಗಿನದು ಬೇರೆ. ಪೆಸ್ ಜಾಗಕ್ಕೆ ಬಂದ ಇ-ಫುಟ್‌ಬಾಲ್ 2022 ಅನ್‌ರಿಯಲ್ ಎಂಜಿನ್‌ಗೆ ಹೋದ ಮೇಲೆ ಈ ಫೈಲ್‌ಗಳಿಗೆ ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಇಂಥ ಸ್ಟೇಡಿಯಂಗಳಿಗೆ 2021ರದ್ದೇ ಕೊನೆಯ ನಿಲ್ದಾಣ. ಒಮ್ಮೆ ಸರಿಯಾಗಿ ತಂದಿಟ್ಟರೆ ಮುಂದಿನ ವರ್ಷ ಮತ್ತೆ ತರುವ ಕೆಲಸ ಇಲ್ಲ.

ಮೂರಕ್ಕೂ ಒಂದೇ ಪರೀಕ್ಷೆ ಇಟ್ಟೆ. ಬಿಸಿಲಿನ ಪಂದ್ಯ, ರಾತ್ರಿ ಪಂದ್ಯ, ಕಾರ್ನರ್ ಒದೆಯುವಾಗಿನ ಕ್ಯಾಮೆರಾ, ಗೋಲಿನ ಹಿಂದಿನ ರಿಪ್ಲೇ. ಸ್ಟೇಡಿಯಂ ಲೋಡ್ ಆಯಿತು ಅಂದ ಮಾತ್ರಕ್ಕೆ ಕೆಲಸ ಆಯಿತು ಅಂತ ನಾನು ಒಪ್ಪುವುದಿಲ್ಲ. ದೂರದ ಕ್ಯಾಮೆರಾದಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಬಣ್ಣ ಬಯಲಾಗುವುದು ಈ ನಾಲ್ಕು ಜಾಗದಲ್ಲಿ.

ಮೊದಲ ದಾರಿ ಬೇಗ ಮುಗಿಯಿತು. ಪೆಸ್ 2017ರಲ್ಲಿ ಫೈಲ್‌ಗಳನ್ನು ಸಿಪಿಕೆ ಅನ್ನುವ ಒಂದೇ ಗಂಟಾಗಿ ಮಾಡಿ, ಆಟ ಓದುವ ಗಂಟುಗಳ ಪಟ್ಟಿಯಾದ ಡಿಪಿಫೈಲ್‌ಲಿಸ್ಟ್‌ಗೆ ಅದರ ಹೆಸರು ಸೇರಿಸುವ ಪದ್ಧತಿ ಇತ್ತು. 2021ರಲ್ಲಿ ಸೈಡರ್ ಅನ್ನುವ ಸಣ್ಣ ಪ್ರೋಗ್ರಾಂ ಇದೆ. ಆಟ ಫೈಲ್ ಕೇಳಿದಾಗ ಇದು ನಡುವೆ ನಿಂತು ನಮ್ಮ ಲೈವ್‌ಸಿಪಿಕೆ ಫೋಲ್ಡರಿನಿಂದ ಕೊಡುತ್ತದೆ. ಆಟದ ಮೂಲ ಫೈಲನ್ನು ಮುಟ್ಟಬೇಕಾಗಿಯೇ ಇಲ್ಲ. ಏನಾದರೂ ಕೆಟ್ಟರೆ ಸೈಡರಿನ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ತೆಗೆದರೆ ಸಾಕು, ಆಟ ಮೊದಲಿನ ಹಾಗೆ. ಮೂರೂ ದಾರಿಗೂ ನಾನು ಬಳಸಿದ್ದು ಇದನ್ನೇ. 2017ರ ಫೈಲ್‌ಗಳನ್ನು ಹಾಗೇ ಹಾಕಿದಾಗ ಪಂದ್ಯ ಲೋಡ್ ಆಗುವ ಪರದೆಯಲ್ಲೇ ಆಟ ನಿಂತುಬಿಟ್ಟಿತು. ಬೇರೆಯವರು 2019ಕ್ಕೆ ಮಾಡಿದ್ದ ಒಂದು ಸ್ಟೇಡಿಯಂ ಹಾಕಿ ನೋಡಿದೆ, ತೆರೆಯಿತು. ಆದರೆ ಸ್ಟ್ಯಾಂಡೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. 2020ರದ್ದು ಮಾತ್ರ ಯಾವ ತಕರಾರೂ ಇಲ್ಲದೆ ನಡೆಯಿತು. ಅದು ಸಹಜ. 2021 ಅನ್ನುವುದು 2020ರ ಆಟಕ್ಕೇ ಹೊಸ ಸೀಸನ್ನಿನ ಅಪ್‌ಡೇಟ್. ನಿಮ್ಮ ಹತ್ತಿರ ಇರುವುದು 2020ರ ಸ್ಟೇಡಿಯಂ ಆದರೆ ಮುಂದೆ ಓದುವುದೇ ಬೇಡ, ಹಾಕಿ ಆಡಿ.

ಎರಡನೆಯದು ಕನ್ವರ್ಟರ್. ಹಳೇ ಫೋಲ್ಡರ್ ತೋರಿಸಬೇಕು, ಹೊಸ ಸ್ಟೇಡಿಯಂ ನಂಬರ್ ಕೊಡಬೇಕು, ಒತ್ತಬೇಕು. ಅದು ಗಂಟು ಬಿಚ್ಚಿ, ಟೆಕ್ಸ್ಚರಿನ ದಾರಿಗಳನ್ನು ಹೊಸ ಫೋಲ್ಡರಿಗೆ ತಿರುಗಿಸಿ, ನಾಲ್ಕೂ ಆವೃತ್ತಿಯನ್ನು ಮತ್ತೆ ಕಟ್ಟಿ ಕೊಡುತ್ತದೆ. ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಚಾಮುಂಡಿ ವಿಹಾರ ಪೆಸ್ 2021ರಲ್ಲಿ ಮೊದಲ ಸಲ ತೆರೆದಿದ್ದು ಹೀಗೆ. ಸ್ಟ್ಯಾಂಡ್, ಗೇಟು, ಟ್ರ್ಯಾಕು ಎಲ್ಲವೂ ಇದ್ದ ಜಾಗದಲ್ಲೇ ಇತ್ತು. ಆಗ ಆದ ಖುಷಿ ಸುಳ್ಳಲ್ಲ. ಸ್ಕ್ರೀನ್‌ಶಾಟ್ ತೆಗೆದು ಮಂಡ್ಯಕ್ಕೆ ಕಳಿಸಿದೆ. ತಕ್ಷಣ ಫೋನ್ ಬಂತು: “ಬೆಟ್ಟ ಎಲ್ಲಿಗೋಯ್ತ್ಲಾ ಮಗಾ?”

ಬೆಟ್ಟದ ಜಾಗದಲ್ಲಿ ಕರೀ ಗೋಡೆ ನಿಂತಿತ್ತು. ಕಾರಣ ಸರಳ. ಟೆಕ್ಸ್ಚರನ್ನು ಡಿಎಕ್ಸ್‌ಟಿ1 ಅಥವಾ ಡಿಎಕ್ಸ್‌ಟಿ5 ಅನ್ನುವ ಬಗೆಯಲ್ಲಿ ಕುಗ್ಗಿಸಿಡುತ್ತಾರೆ. ಡಿಎಕ್ಸ್‌ಟಿ5ರಲ್ಲಿ ಪಾರದರ್ಶಕತೆಗೆ ಅಂತಲೇ ಬೇರೆ ಜಾಗ ಇದೆ, ಡಿಎಕ್ಸ್‌ಟಿ1ರಲ್ಲಿ ಹಾಗಿಲ್ಲ. 2048ಕ್ಕೆ 2048 ಪಿಕ್ಸೆಲ್‌ನ ಒಂದು ಚಿತ್ರ ಡಿಎಕ್ಸ್‌ಟಿ1ರಲ್ಲಿ 2 ಎಂಬಿ, ಡಿಎಕ್ಸ್‌ಟಿ5ರಲ್ಲಿ 4 ಎಂಬಿ. ಜಾಗ ಉಳಿಸಲು ಕನ್ವರ್ಟರ್ ಎಲ್ಲವನ್ನೂ ಡಿಎಕ್ಸ್‌ಟಿ1 ಮಾಡಿಬಿಟ್ಟಿತ್ತು. ಆಕಾಶ ಕಾಣಬೇಕಾದ ಕಡೆ ಕಪ್ಪು ತುಂಬಿಕೊಂಡಿತ್ತು. ಆ ಒಂದು ಚಿತ್ರವನ್ನು ಡಿಡಿಎಸ್ ಅನ್ನುವ ಚಿತ್ರದ ಫೈಲಿಗೆ ತೆಗೆದು, ಡಿಎಕ್ಸ್‌ಟಿ5ರಲ್ಲಿ ಉಳಿಸಿ, ಮತ್ತೆ ಎಫ್‌ಟೆಕ್ಸ್ ಮಾಡಿದೆ. ಬೆಟ್ಟ ವಾಪಸ್ ಬಂತು.

ಕಾರ್ನರ್ ಕ್ಯಾಮೆರಾದಲ್ಲಿ ಇನ್ನೊಂದು ತೊಂದರೆ. ಬಾವುಟದಿಂದ ಒಂದೇ ಮೀಟರ್ ಆಚೆ ಟ್ರ್ಯಾಕ್ ಇದೆ ಅಂದೆನಲ್ಲ, ಆ ಕೆಂಪು ನೆಲದ ಮೇಲಿನ ಬಿಳಿ ಗೆರೆಗಳು ಹತ್ತಿರದಲ್ಲಿ ನೆಟ್ಟಗಿದ್ದವು. ದೂರ ಹೋದ ಹಾಗೆ ಮಿಣಮಿಣ ಅಂತ ಕುಣಿಯುತ್ತಿದ್ದವು. ಮಿಪ್‌ಮ್ಯಾಪ್ ಇಲ್ಲದಿದ್ದರೆ ಹೀಗಾಗುತ್ತದೆ. ಒಂದೇ ಚಿತ್ರದ ಸಣ್ಣ ಸಣ್ಣ ಪ್ರತಿಗಳನ್ನು ಫೈಲಿನಲ್ಲೇ ಇಟ್ಟಿದ್ದರೆ ದೂರದ ಭಾಗಕ್ಕೆ ಆಟ ಅವನ್ನು ಬಳಸುತ್ತದೆ. ಫೈಲಿನ ಗಾತ್ರ ಮೂರರಲ್ಲಿ ಒಂದು ಪಾಲು ಜಾಸ್ತಿ ಆಗುತ್ತದೆ, ಅಷ್ಟೇ. ಇದನ್ನೂ ಕೈಯಲ್ಲೇ ಸರಿ ಮಾಡಬಹುದು, ಮಾಡಿದೆ.

ಸರಿ ಮಾಡಲಾಗದ್ದು ಜನ. ಪ್ರೇಕ್ಷಕರು ಸ್ಟ್ಯಾಂಡಿನ ಮಾಡೆಲ್ ಜೊತೆ ಬರುವುದಿಲ್ಲ. ಯಾವ ಜಾಗದಲ್ಲಿ ಜನ ಇರಬೇಕು ಅನ್ನುವುದಕ್ಕೆ ಬೇರೆಯೇ ಒಂದು ಫೈಲ್ ಇರುತ್ತದೆ. ಈ ಕನ್ವರ್ಟರ್ ಆ ಫೈಲನ್ನು 2021ರದ್ದೇ ಒಂದು ಸ್ಟೇಡಿಯಂನಿಂದ ತಂದು ಜೋಡಿಸುತ್ತದೆ. ಟ್ರ್ಯಾಕ್ ಇಲ್ಲದ ಸ್ಟೇಡಿಯಂ ಅದು. ಪರಿಣಾಮ, ಗೋಲಿನ ಹಿಂದೆ ಖಾಲಿ ನೆಲದ ಮೇಲೆ, ಗಾಳಿಯಲ್ಲಿ ಸಾಲು ಸಾಲು ಜನ. ಅವರ ಹಿಂದೆ ನಮ್ಮ ನಿಜವಾದ ಸ್ಟ್ಯಾಂಡ್ ಖಾಲಿ. ರಿಪ್ಲೇ ನೋಡುವ ಹಾಗೇ ಇರಲಿಲ್ಲ. ನಿಮ್ಮ ಸ್ಟೇಡಿಯಂನಲ್ಲಿ ಸ್ಟ್ಯಾಂಡ್ ಅಂಕಣಕ್ಕೆ ಅಂಟಿಕೊಂಡಿದ್ದರೆ, ಆಕಾರ ಚೌಕವಾಗಿದ್ದರೆ ಈ ಕಷ್ಟ ಕಮ್ಮಿ. ಗೆಳೆಯರ ಇಂಗ್ಲೆಂಡ್ ಥರದ ಸಣ್ಣ ಸ್ಟೇಡಿಯಂ ಒಂದನ್ನು ಇದೇ ಕನ್ವರ್ಟರಿನಲ್ಲಿ ತಂದೆ, ಜನ ಹೆಚ್ಚುಕಮ್ಮಿ ಸೀಟಿನ ಮೇಲೇ ಕೂತರು. ಟ್ರ್ಯಾಕ್ ಇರುವ ಮೈದಾನಕ್ಕೆ ಇದು ಆಗುವ ಮಾತಲ್ಲ.

ಮೂರನೆಯ ದಾರಿ, ಬ್ಲೆಂಡರ್. ಬ್ಲೆಂಡರ್ ಉಚಿತ. ಫಾಕ್ಸ್ ಎಂಜಿನ್ನಿನ ಮಾಡೆಲ್ ಓದಿ ಬರೆಯುವ ಆಡ್‌ಆನ್ ಕೂಡ ಉಚಿತ. ಶುರು ಮಾಡುವ ಮುಂಚೆ ಒಂದು ವಿಷಯ ಗಮನಿಸಿ. ಆಡ್‌ಆನ್ ಯಾವ ಬ್ಲೆಂಡರ್ ಆವೃತ್ತಿಗೆ ಬರೆದದ್ದೋ ಅದನ್ನೇ ಇಳಿಸಿಕೊಳ್ಳಿ. 2019ರಲ್ಲಿ ಬಂದ 2.80 ಹಳೇ ಆಡ್‌ಆನ್‌ಗಳನ್ನು ಮುರಿದುಹಾಕಿತು. ಆಮೇಲೂ ಹಾಗೆ ಆಗಿದೆ. ಇನ್‌ಸ್ಟಾಲ್ ಬೇಡದ ಜಿಪ್ ಸಿಗುತ್ತದೆ, ಅದನ್ನು ಬೇರೆ ಫೋಲ್ಡರಿನಲ್ಲಿ ಬಿಚ್ಚಿ ಈ ಕೆಲಸಕ್ಕೆ ಅಂತಲೇ ಇಟ್ಟುಕೊಳ್ಳಿ.

ಒಳಗೆ ತಂದ ಕೂಡಲೇ ನಾನು ನೋಡುವುದು ಮುಖಗಳ, ಅಂದರೆ ಮಾಡೆಲಿನ ಒಂದೊಂದು ಮೇಲ್ಮೈಯ ದಿಕ್ಕು. ಬ್ಲೆಂಡರಿನಲ್ಲಿ ಫೇಸ್ ಓರಿಯೆಂಟೇಶನ್ ಆನ್ ಮಾಡಿದರೆ ಸರಿ ಇರುವ ಗೋಡೆ ನೀಲಿ, ಉಲ್ಟಾ ಇರುವುದು ಕೆಂಪು. ನಮ್ಮ ಮುಖ್ಯ ಸ್ಟ್ಯಾಂಡಿನ ಹಿಂಗೋಡೆ ಪೂರ್ತಿ ಕೆಂಪಾಗಿತ್ತು. ಹಾಗೇ ಬಿಟ್ಟಿದ್ದರೆ ಆಟದಲ್ಲಿ ಒಂದು ಕಡೆಯಿಂದ ಗೋಡೆಯೇ ಕಾಣುತ್ತಿರಲಿಲ್ಲ. ತಿರುಗಿಸುವುದು ಒಂದೇ ಆಜ್ಞೆ. ಆಮೇಲೆ ಮಾಡೆಲನ್ನು ಭಾಗ ಮಾಡಬೇಕು: ಸ್ಟ್ಯಾಂಡ್, ಚಾವಣಿ, ಅಂಕಣದ ಸುತ್ತಲಿನ ನೆಲ, ಜಾಹೀರಾತು ಫಲಕ, ಹಿನ್ನೆಲೆ. ಒಂದೊಂದಕ್ಕೂ 2021ಕ್ಕೆ ಹೊಂದುವ ಶೇಡರ್, ಅಂದರೆ ಮೇಲ್ಮೈ ಬೆಳಕಿನಲ್ಲಿ ಹೇಗೆ ಕಾಣಬೇಕು ಅನ್ನುವ ಸೂಚನೆ, ಕೊಡಬೇಕು. ಬೇಜಾರಿನ ಕೆಲಸ, ಸುಮ್ನೆ ಹೇಳುತ್ತಿಲ್ಲ. ಆದರೆ ಸ್ಟ್ಯಾಂಡೆಲ್ಲ ಬೆಳ್ಳಗಾಗುವ ಕಷ್ಟ ಪರಿಹಾರ ಆಗುವುದು ಇಲ್ಲೇ.

ಜನರ ವಿಷಯದಲ್ಲಿ ಬ್ಲೆಂಡರ್ ಗೆದ್ದಿತು. ಸ್ಟ್ಯಾಂಡಿನ ಮೆಟ್ಟಿಲುಗಳ ಮೇಲೆ ಚಪ್ಪಟೆ ಪಟ್ಟಿಗಳನ್ನು ಹಾಸಿಕೊಂಡು ಹೋಗಬೇಕು. ಪಟ್ಟಿ ಎಲ್ಲಿದೆಯೋ ಅಲ್ಲಿ ಜನ. ತಿರುವಿನ ಕಡೆ ಪಟ್ಟಿಯನ್ನೂ ಬಗ್ಗಿಸಿದೆ. ಮೆಟ್ಟಿಲಿನ ನಡುವಿನ ಓಡಾಡುವ ದಾರಿ ಖಾಲಿ ಬಿಟ್ಟೆ. ಎಕ್ಸ್‌ಪೋರ್ಟ್ ಮಾಡಿ ಆಡಿದಾಗ ಗೋಲಿನ ಹಿಂದೆ ಆ ದೊಡ್ಡ ಖಾಲಿ ಜಾಗ, ಆಚೆ ಟ್ರ್ಯಾಕ್, ಅದರಾಚೆ ಜನ. ಚಾಮುಂಡಿ ವಿಹಾರದಲ್ಲಿ ನಿಂತು ನೋಡಿದವರಿಗೆ ಆ ದೂರ ಗೊತ್ತು. ಆ ದೂರವೇ ಈ ಮೈದಾನದ ಗುರುತು. ಕನ್ವರ್ಟರ್ ಅದನ್ನು ಅಳಿಸಿತ್ತು, ಬ್ಲೆಂಡರ್ ಉಳಿಸಿತು.

ರಾತ್ರಿ ಆವೃತ್ತಿಯೂ ಇಲ್ಲೇ ಚೆನ್ನಾಗಿ ಬಂತು. ಆಟಕ್ಕೆ ಅಂತ ನಾವು ನಾಲ್ಕು ದೀಪದ ಕಂಬ ನಿಲ್ಲಿಸಿದ್ದೇವೆ. ಅವುಗಳ ಜಾಗಕ್ಕೆ ಸರಿಯಾಗಿ ಬೆಳಕಿನ ಬಿಂದು ಇಟ್ಟ ಮೇಲೆ ದೀಪದ ಸುತ್ತಲಿನ ಹೊಳಪು ಕಂಬದ ತುದಿಯಲ್ಲೇ ಕಾಣಿಸಿತು. ಕನ್ವರ್ಟರಿನಲ್ಲಿ ಅದು ಕಂಬ ಬಿಟ್ಟು ಪಕ್ಕದಲ್ಲಿ ತೇಲುತ್ತಿತ್ತು. ‘ಸುಸ್ವಾಗತ’ ಅಕ್ಷರಗಳಿಗೆ ತಾವೇ ಬೆಳಗುವ ಶೇಡರ್ ಕೊಟ್ಟೆ. ಚಿಕ್ಕದಾಗಿದ್ದರೂ ದೂರದ ಕ್ಯಾಮೆರಾದಲ್ಲೂ ಓದಬಹುದು.

ಸಮಯದ ಲೆಕ್ಕ ನೋಡಿದರೆ ಎರಡಕ್ಕೂ ಅಜಗಜಾಂತರ. ಕನ್ವರ್ಟರ್ ನಿಮಿಷಗಳ ಕೆಲಸ, ಬ್ಲೆಂಡರ್ ಸಂಜೆಗಟ್ಟಲೆ ಕೂರಿಸುತ್ತದೆ. ಮೊದಲ ಸಲ ಮಾಡುವವರು ಇನ್ನೂ ಜಾಸ್ತಿ ಕೂರಬೇಕು. ಆದರೆ ಒಂದು ಲಾಭ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬ್ಲೆಂಡರ್ ಕೆಲಸ ಮುಗಿದಾಗ ನಿಮ್ಮ ಕೈಯಲ್ಲಿ ಎರಡು ಇರುತ್ತವೆ, ಆಟದ ಫೈಲು ಮತ್ತು ತಿದ್ದಬಹುದಾದ ಮೂಲ. ನಾಳೆ ಸ್ಟ್ಯಾಂಡಿಗೆ ಬೇರೆ ಬಣ್ಣ ಬಳಿದರೆ ಮೂಲದಲ್ಲಿ ಬದಲಾಯಿಸಿ ಮತ್ತೆ ಎಕ್ಸ್‌ಪೋರ್ಟ್. ಕನ್ವರ್ಟರ್ ಕೊಡುವುದು ಆಟದ ಫೈಲನ್ನು ಮಾತ್ರ. ಎಷ್ಟೋ ಒಳ್ಳೆಯ ಸ್ಟೇಡಿಯಂಗಳು ಹಳೇ ಆವೃತ್ತಿಗಳಲ್ಲೇ ಉಳಿದುಹೋಗಿವೆ, ಮಾಡಿದವರ ಹತ್ತಿರವೂ ಮೂಲ ಇಲ್ಲ. ನೀವು ಸ್ಟೇಡಿಯಂ ಮಾಡುವವರಾದರೆ ದಯವಿಟ್ಟು ಬ್ಲೆಂಡ್ ಫೈಲನ್ನು ಎರಡು ಕಡೆ ಇಟ್ಟುಕೊಳ್ಳಿ.

ಈಗ ಯಾರಿಗೆ ಯಾವುದು? ಬರೀ ಆಡಬೇಕು, ಸ್ಟೇಡಿಯಂ ಚೌಕಾಕಾರದ್ದು ಅಂದರೆ ಕನ್ವರ್ಟರ್ ಸಾಕು. ಬಂದ ಫೈಲಿನಲ್ಲಿ ಪಾರದರ್ಶಕ ಚಿತ್ರಗಳನ್ನೂ ಮಿಪ್‌ಮ್ಯಾಪನ್ನೂ ಒಮ್ಮೆ ನೋಡಿ. ಟ್ರ್ಯಾಕ್ ಇರುವುದು, ಒಂದೇ ಕಡೆ ಸ್ಟ್ಯಾಂಡ್ ಇರುವುದು, ಮಣ್ಣಿನ ದಿಬ್ಬದ ಮೇಲೆ ಜನ ಕೂರುವಂಥದ್ದು, ಅಂದರೆ ನಮ್ಮ ಜಿಲ್ಲೆ, ತಾಲೂಕುಗಳ ಬಹುಪಾಲು ಮೈದಾನಗಳಿಗೆ ಬ್ಲೆಂಡರೇ ಗತಿ. ಗ್ರಾಫಿಕ್ಸ್ ಮೆಮೊರಿ ಕಮ್ಮಿ ಇರುವ ಲ್ಯಾಪ್‌ಟಾಪ್ ಆದರೆ ದೂರದ ಗೋಡೆಗಳ ಚಿತ್ರವನ್ನು 1024ಕ್ಕೆ ಇಳಿಸಿ. ಟ್ರ್ಯಾಕು ಮತ್ತು ಬೆಟ್ಟವನ್ನು ಮಾತ್ರ 2048ರಲ್ಲೇ ಬಿಡಿ. ಕಣ್ಣು ಹೋಗುವುದು ಅಲ್ಲಿಗೇ.

ಬೇರೆಯವರು ಮಾಡಿದ ಸ್ಟೇಡಿಯಂ ಆದರೆ ತಂದ ಮೇಲೆ ಹಂಚುವ ಮುಂಚೆ ಅವರನ್ನು ಕೇಳಿ, ಹೆಸರು ಹಾಕಿ. ಇದನ್ನೆಲ್ಲ ಆಫ್‌ಲೈನ್ ಪಂದ್ಯಕ್ಕೆ ಮಾತ್ರ ಬಳಸಿ.

ನಮ್ಮದರಲ್ಲಿ ಸದ್ಯ ಡಿಎಫ್, ಡಿಆರ್, ಎನ್‌ಎಫ್ ಮೂರೂ ಆಡಲು ಸಿದ್ಧ ಇವೆ. ಎನ್‌ಆರ್ ಬಾಕಿ. ರಾತ್ರಿ ಮಳೆಯಲ್ಲಿ ಟ್ರ್ಯಾಕಿನ ಹೊಳಪು ಜಾಸ್ತಿ ಆಗಿ ರಬ್ಬರ್ ಹೋಗಿ ಗಾಜಿನ ಹಾಗೆ ಕಾಣುತ್ತಿದೆ. ಆ ಶೇಡರ್ ಮೇಲೆ ಮಂಡ್ಯದಲ್ಲಿ ಕೆಲಸ ನಡೆಯುತ್ತಿದೆ.