ಹುಳು ಸಾಯಲ್ಲ, ಗೂಡೂ ಕಟ್ಟಲ್ಲ: ರೇಷ್ಮೆ ಬೆಳೆಗಾರರೇ, ಪಕ್ಕದ ಹೊಲದ ಈ ಔಷಧಿ ಬಗ್ಗೆ ಎಚ್ಚರ

ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಟೊಮೆಟೊ, ಬದನೆ, ಕೋಸು, ಮೆಣಸಿನಕಾಯಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಅಂಥ ತೋಟಗಳೇ ಜಾಸ್ತಿ. ಪಕ್ಕದವರು ಔಷಧಿ ಹೊಡೆದರು ಅಂತ ಗೊತ್ತಾದರೆ ನಾವು ಮಾಡುವ ಪರೀಕ್ಷೆ ಒಂದೇ. ಬದುವಿನ ಸಾಲಿನ ಸೊಪ್ಪು ತಂದು ಒಂದಷ್ಟು ಹುಳುವಿಗೆ ಹಾಕಿ ನೋಡುತ್ತೇವೆ. ಮಾರನೇ ದಿನ ಹುಳು ಚೆನ್ನಾಗಿ ಮೇಯುತ್ತಿದ್ದರೆ ಸೊಪ್ಪಿಗೆ ಏನೂ ಆಗಿಲ್ಲ ಅಂತ ಧೈರ್ಯ ಮಾಡುತ್ತೇವೆ. ಪೈರಿಪ್ರಾಕ್ಸಿಫೆನ್‌ನಂಥ, ಕೀಟಗಳ ಬೆಳವಣಿಗೆಯನ್ನೇ ಕೆಡಿಸುವ ಔಷಧಿಗಳಿಗೆ ಈ ಪರೀಕ್ಷೆ ನಡೆಯುವುದಿಲ್ಲ. ನಮ್ಮ ಮನೆಯಲ್ಲಿ ಸೊಪ್ಪು ಆ ಪರೀಕ್ಷೆ ದಾಟಿತ್ತು. ಆದರೂ ಬೆಳೆ ಪೂರ್ತಿ ಹೋಯಿತು.

ಹುಳು ನಾಲ್ಕನೇ ಜ್ವರ (ಚರ್ಮ ಬಿಡುವ ಹೊತ್ತು) ಎದ್ದ ಸಮಯ. ಪಕ್ಕದ ಹೊಲದ ಅಣ್ಣ ಟೊಮೆಟೊಗೆ ಸ್ಪ್ರೇ ಮಾಡಿಸುತ್ತಿದ್ದರು. "ಅಣ್ಣಾ, ಯಾವ ಔಷಧಿ?" ಅಂತ ಕೇಳಿದೆ. "ಬಿಳಿ ನೊಣಕ್ಕಪ್ಪ. ಮೊದಲೇ ಅಂಗಡಿಯಲ್ಲಿ ಕೇಳ್ಕೊಂಡೇ ತಂದಿದ್ದೀನಿ. ಸೇಫು, ರೇಷ್ಮೆಗೇನೂ ಆಗಲ್ಲ ಅಂದ್ರು" ಅಂದರು. ಅವರು ಸುಳ್ಳು ಹೇಳುವವರಲ್ಲ. ಎರಡು ಮೂರು ದಿನ ಬಿಟ್ಟು ನೋಡಿದರೆ ಬಿಳಿ ನೊಣ ಇನ್ನೂ ಹಾರುತ್ತಿತ್ತು. ಔಷಧಿ ಹತ್ತಿಲ್ಲ ಅಂದುಕೊಂಡು ಅವರು ಇನ್ನೊಂದು ಸಲ ಹೊಡೆಸಿದರು. ಅವತ್ತು ಗಾಳಿ ನಮ್ಮ ಕಡೆಗೇ ಇತ್ತು.

ಆಮೇಲಿನ ದಿನಗಳಲ್ಲಿ ಹುಳು ನೋಡಿದವರೆಲ್ಲ ಈ ಸಲ ಗೂಡು ಭರ್ಜರಿ ಅಂದರು. ಒಂದೊಂದು ಹುಳುವೂ ಗಟ್ಟಿಯಾಗಿ, ಬೆಳ್ಳಗೆ, ಹೊಳೆಯುತ್ತಿತ್ತು. ನಾಲ್ಕನೇ ಜ್ವರದ ನಂತರದ ಐದನೇ ಹಂತದಲ್ಲಿ ಏಳನೇ ದಿನದ ಹೊತ್ತಿಗೆ ಹುಳು ಹಣ್ಣಾಗಬೇಕು, ಅಂದರೆ ಗೂಡು ಕಟ್ಟಲು ತಯಾರಾಗಬೇಕು. ಹಣ್ಣಾದ ಹುಳು ಮೇವು ಬಿಡುತ್ತದೆ, ಮೈ ಕುಗ್ಗುತ್ತದೆ, ಬೆಳಕಿಗೆ ಹಿಡಿದರೆ ತಿಳಿಯಾಗಿ ಕಾಣುತ್ತದೆ, ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ನಮ್ಮ ಹುಳು ಇದ್ಯಾವುದನ್ನೂ ಮಾಡಲಿಲ್ಲ. ಸೊಪ್ಪು ಹಾಕಿದಷ್ಟೂ ತಿಂದವು. ಎಲ್ಲ ಒಟ್ಟಿಗೆ ಹಣ್ಣಾಗಲಿ ಅಂತ ನಾವು ಬಳಸುವ 'ಸಂಪೂರ್ಣ'ವನ್ನೂ ಸೊಪ್ಪಿಗೆ ಸಿಂಪಡಿಸಿ ಕೊಟ್ಟೆವು. ಅದನ್ನೂ ತಿಂದು ಸುಮ್ನೆ ಇದ್ದವು. ಕೈಯಿಂದ ಆರಿಸಿ ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಬಿಟ್ಟರೆ ಇಳಿದು ಬಂದವು. ಕೆಲವು ಒಂದೆರಡು ಎಳೆ ನೂಲು ಬಿಟ್ಟು ಅಲ್ಲೇ ನಿಂತವು.

ಮನೆಯಲ್ಲಿ ಮೊದಲು ರೋಗ ಅಂತಲೇ ಅನುಮಾನ ಬಂತು. ಆದರೆ ಹಾಲುತೊಂಡೆ ಆಗಿದ್ದರೆ ಗೆಣ್ಣು ಊದಿ, ಚರ್ಮ ಒಡೆದು ಹಾಲಿನಂಥ ರಸ ಸುರಿಯಬೇಕು. ಸಪ್ಪೆ ರೋಗದಲ್ಲಿ ಹುಳು ಮೇವು ಬಿಟ್ಟು ಮೆತ್ತಗಾಗುತ್ತದೆ. ಇಲ್ಲಿ ಎರಡೂ ಇರಲಿಲ್ಲ. ಒಂದು ಹುಳುವನ್ನು ಸೀಳಿ ನೋಡಿದೆವು. ರೇಷ್ಮೆ ಗ್ರಂಥಿ ಎರಡೂ ಕಡೆ ತುಂಬಿಕೊಂಡು ದಪ್ಪಗಿತ್ತು. ಅಷ್ಟು ರೇಷ್ಮೆ ಒಳಗೇ ಇದೆ, ಹೊರಗೆ ಬರುತ್ತಿಲ್ಲ. ಅದನ್ನು ನೋಡಿದಾಗ ಆದ ಸಂಕಟ ಹೇಳಲಾರೆ. ಆಮೇಲೆ ಒಂದೊಂದಾಗಿ ಕಪ್ಪಾಗಿ ಸತ್ತವು. ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿದೆವು.

ಪಕ್ಕದ ಅಣ್ಣ ತಾವೇ ಖಾಲಿ ಡಬ್ಬ ತಂದು ಕೊಟ್ಟರು. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣದಾಗಿ ಪೈರಿಪ್ರಾಕ್ಸಿಫೆನ್ ಅಂತ ಇತ್ತು. ರೇಷ್ಮೆ ಇಲಾಖೆಯವರು ಹುಳು ಮತ್ತು ಡಬ್ಬ ಎರಡನ್ನೂ ನೋಡಿ, ಇದು ರೋಗ ಅಲ್ಲ, ಈ ಔಷಧಿಯ ಲಕ್ಷಣವೇ ಅಂದರು. ಅಂಗಡಿಯವರನ್ನು ಕೇಳಿದರೆ, "ನಿಮ್ಮ ಹುಳು ಔಷಧಿ ಹೊಡೆದಾಗ ಸತ್ತಿಲ್ವಲ್ಲಾ ಸಾರ್, ಮತ್ತೆ ಇದರಿಂದ ಹೇಗೆ?" ಅಂದರು. ರೇಷ್ಮೆ ಬೆಳೆಯುವ ಊರಲ್ಲಿ ಔಷಧಿ ಮಾರುವವರಿಗೆ ಇದು ಗೊತ್ತಿರಬೇಕಲ್ವಾ? ನನಗೆ ಈಗಲೂ ಸಿಟ್ಟು ಇರುವುದು ಈ ಮಾತಿನ ಮೇಲೆ.

ಹೇಗೆ ಅನ್ನುವುದನ್ನು ಹೇಳುತ್ತೇನೆ. ಹುಳುವಿನ ಮೈಯಲ್ಲಿ ಎರಡು ಹಾರ್ಮೋನು ಮುಖ್ಯ. ಎಕ್ಡೈಸೋನ್ ಚರ್ಮ ಬಿಡಿಸುತ್ತದೆ. ಜುವೆನೈಲ್ ಹಾರ್ಮೋನ್ ಹುಳುವನ್ನು ಹುಳುವಾಗಿಯೇ ಇಡುತ್ತದೆ. ಮೊದಲ ನಾಲ್ಕು ಜ್ವರದಲ್ಲಿ ಎರಡೂ ಇರುವುದರಿಂದ ಚಿಕ್ಕ ಹುಳು ದೊಡ್ಡ ಹುಳು ಆಗುತ್ತದೆ, ಅಷ್ಟೇ. ಐದನೇ ಹಂತದಲ್ಲಿ ಜುವೆನೈಲ್ ಹಾರ್ಮೋನ್ ಇಳಿದುಹೋಗುತ್ತದೆ. ಆಮೇಲೆ ಎಕ್ಡೈಸೋನ್ ಏರಿದಾಗ ಹುಳು ಮೇವು ಬಿಟ್ಟು, ಗೂಡು ಕಟ್ಟಿ, ಪ್ಯೂಪಾ (ಗೂಡಿನೊಳಗಿನ ಕೋಶ) ಆಗುತ್ತದೆ. ಪೈರಿಪ್ರಾಕ್ಸಿಫೆನ್ ಈ ಜುವೆನೈಲ್ ಹಾರ್ಮೋನಿನ ನಕಲು. ಇಳಿಯಬೇಕಾದದ್ದು ಇಳಿಯುವುದೇ ಇಲ್ಲ. ಹುಳು ತಿನ್ನುತ್ತಲೇ ಇರುತ್ತದೆ.

ಇದಕ್ಕೆ ಎಷ್ಟು ಕಡಿಮೆ ಸಾಕು ಗೊತ್ತಾ? 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ ಎಕ್ಡೈಸೋನನ್ನು ಮೊದಲ ಸಲ ಬೇರೆ ಮಾಡಿದ್ದು ರೇಷ್ಮೆ ಪ್ಯೂಪಾಗಳಿಂದಲೇ. ಸುಮಾರು 500 ಕಿಲೋ ಪ್ಯೂಪಾ ಹಿಂಡಿ ಸಿಕ್ಕಿದ್ದು ಬರೀ 25 ಮಿಲಿಗ್ರಾಂ. ಜುವೆನೈಲ್ ಹಾರ್ಮೋನೂ ಹಾಗೇ ಅಲ್ಪ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ. ಅದರ ನಕಲು ಗಾಳಿಯಲ್ಲಿ ತೇಲಿ ಬಂದು ಸೊಪ್ಪಿನ ಮೇಲೆ ಕೂತರೆ, ಕಣ್ಣಿಗೂ ಕಾಣಲ್ಲ, ವಾಸನೆಯೂ ಬರಲ್ಲ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. 1980ರ ದಶಕದ ಕೊನೆಯಿಂದ ಉತ್ತರ ಇಟಲಿಯಲ್ಲಿ ರೇಷ್ಮೆ ಹುಳುಗಳು ಹೀಗೇ ಗೂಡು ಕಟ್ಟದೆ ಉಳಿದವು. ಹಣ್ಣಿನ ತೋಟಗಳಿಗೆ ಹೊಡೆಯುತ್ತಿದ್ದ ಫೆನಾಕ್ಸಿಕಾರ್ಬ್ ಅಲ್ಲಿ ಕಾರಣವಾಗಿತ್ತು. ಅದೂ ಜುವೆನೈಲ್ ಹಾರ್ಮೋನಿನ ನಕಲೇ.

ಇನ್ನೊಂದು ಗುಂಪಿದೆ: ನೊವಾಲ್ಯುರಾನ್, ಲುಫೆನ್ಯುರಾನ್, ಡೈಫ್ಲುಬೆಂಜುರಾನ್. ಇವು ಹೊಸ ಚರ್ಮಕ್ಕೆ ಬೇಕಾದ ಕೈಟಿನ್ ತಯಾರಾಗದಂತೆ ತಡೆಯುತ್ತವೆ. ಇದರ ಪೆಟ್ಟು ಬೀಳುವುದು ಜ್ವರದಲ್ಲಿ. ಹಳೇ ಚರ್ಮ ಅರ್ಧ ಕಳಚಿ ಸಿಕ್ಕಿಹಾಕಿಕೊಳ್ಳುತ್ತದೆ, ಹೊಸದು ತೆಳ್ಳಗಿದ್ದು ಹರಿಯುತ್ತದೆ, ಹುಳು ಜ್ವರ ಏಳುವುದೇ ಇಲ್ಲ. ಕಾಯಿಕೊರಕ, ಕೋಸಿನ ಹುಳು ಸಾಯುವುದೂ ಹೀಗೆಯೇ. ಎಲೆ ತಿನ್ನುವ ಆ ಹುಳುಗಳೂ ನಮ್ಮ ರೇಷ್ಮೆ ಹುಳುವೂ ಚಿಟ್ಟೆ-ಪತಂಗಗಳ ಒಂದೇ ಗುಂಪಿನವು. ಔಷಧಿಗೆ ಇದು ಬೇರೆ, ಅದು ಬೇರೆ ಅಂತ ಗೊತ್ತಾಗಲ್ಲ.

ಟೊಮೆಟೊ ಬೆಳೆಯುವವರಿಗೆ ಪೈರಿಪ್ರಾಕ್ಸಿಫೆನ್ ಕೆಟ್ಟ ಔಷಧಿ ಅಂತ ನಾನು ಹೇಳುತ್ತಿಲ್ಲ. ಬಿಳಿ ನೊಣದ ಮೊಟ್ಟೆ ಒಡೆಯದ ಹಾಗೆ, ಮರಿಗೆ ರೆಕ್ಕೆ ಬರದ ಹಾಗೆ ಮಾಡುತ್ತದೆ. ಆದರೆ ಈಗಾಗಲೇ ಹಾರುತ್ತಿರುವ ನೊಣವನ್ನು ಕೊಲ್ಲುವುದಿಲ್ಲ. ಇದನ್ನು ಅಂಗಡಿಯಲ್ಲಿ ಯಾರಾದರೂ ಹೇಳಿದ್ದರೆ ಅಣ್ಣ ಎರಡನೇ ಸಲ ಹೊಡೆಸುತ್ತಲೇ ಇರಲಿಲ್ಲ. ಅವರ ದುಡ್ಡೂ ಉಳಿಯುತ್ತಿತ್ತು.

ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ ಸೇಫ್ ಅಂತ ಯಾರಾದರೂ ಅಂದರೆ ನಂಬಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ಮನುಷ್ಯರಿಗೆ, ಪ್ರಾಣಿಗಳಿಗೆ ಎಷ್ಟು ವಿಷ ಅನ್ನುವ ಲೆಕ್ಕದ್ದು. ರೇಷ್ಮೆ ಹುಳು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬ್ರ್ಯಾಂಡ್ ಹೆಸರೂ ಬೇಡ, ಸಣ್ಣ ಅಕ್ಷರದ ಹೆಸರನ್ನು ಓದಿ. ಈಗ ಎರಡು ಔಷಧಿ ಬೆರೆಸಿದ ಡಬ್ಬಗಳು ಜಾಸ್ತಿ, ಎರಡನೇ ಹೆಸರನ್ನೂ ಬಿಡದೆ ನೋಡಿ. ಬಾಡಿಗೆಗೆ ತಂದ ಸ್ಪ್ರೇಯರ್ ಹಿಂದೆ ಯಾವ ಹೊಲದಲ್ಲಿತ್ತು ಅಂತಲೂ ಕೇಳಿ. ಚಾಕಿ ಹುಳು (ಎಳೆಯ ಹುಳು) ತರುವ ಮೊದಲೇ ಅಕ್ಕಪಕ್ಕದವರಿಗೆ ಹೋಗಿ ಹೇಳಿ, ಇಂಥ ದಿನದಿಂದ ಇಂಥ ದಿನದವರೆಗೆ ಹುಳು ಇರುತ್ತೆ ಅಂತ. ನಾವೀಗ ಹಾಗೇ ಮಾಡುತ್ತಿದ್ದೇವೆ, ಅಣ್ಣನೂ ಒಪ್ಪಿದ್ದಾರೆ.

ನಿಮ್ಮಲ್ಲಿ ಈಗ ಹುಳು ಹಣ್ಣಾಗದೆ ನಿಂತಿದ್ದರೆ, ಹೂಳುವ ಮೊದಲು ವೀಡಿಯೋ ಮಾಡಿ ಇಲಾಖೆಯವರನ್ನು ಕರೆಸಿ. ಅಂಚಿನ ಸೊಪ್ಪು ಒಂದಷ್ಟನ್ನು ಕವರಿನಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಆ ಸಾಲುಗಳನ್ನು ಕಟಾವು ಮಾಡಿ ಸೊಪ್ಪನ್ನು ಹೊರಗೆ ಹಾಕಿ. ಹೊಸ ಚಿಗುರು ಬಂದ ಮೇಲೂ ಒಂದು ದಿನದ ಪರೀಕ್ಷೆ ಸಾಲದು. ಸ್ವಲ್ಪ ಹುಳುವನ್ನು ಬೇರೆ ಇಟ್ಟು, ಅದೇ ಸೊಪ್ಪಿನಲ್ಲಿ ಗೂಡು ಕಟ್ಟುವವರೆಗೂ ಮೇಯಿಸಿ ನೋಡಿ, ಆಮೇಲೆ ಪೂರ್ತಿ ಬೆಳೆ ಇಡಿ.