ಹಳೆಯ ಸಿ.ಡಿ. ಇಟ್ಟುಕೊಂಡವರು 'ಏಜ್ ಆಫ್ ಎಂಪೈರ್ಸ್ 2'ರ ಹೊಸ ಆವೃತ್ತಿಯನ್ನು ಕೊಳ್ಳಬೇಕೆ?

'ಏಜ್ ಆಫ್ ಎಂಪೈರ್ಸ್ 2' ಆಟದ ಹಳೆಯ ಸಿ.ಡಿ. ನನ್ನ ಬಳಿ ಇನ್ನೂ ಇದೆ. ಅದರ ಮೈಮೇಲೆಲ್ಲ ಗೀರುಗಳು ಬಿದ್ದಿವೆ, ಅದನ್ನು ಹಾಕಲು ಬೇಕಾದ ಡ್ರೈವ್ ಈಗಿನ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಆದರೂ ಎಸೆಯಲು ಮನಸ್ಸು ಬಂದಿಲ್ಲ. ಎನ್‌ಸೆಂಬಲ್ ಸ್ಟುಡಿಯೋಸ್ ರೂಪಿಸಿ ಮೈಕ್ರೋಸಾಫ್ಟ್ ಹೊರತಂದ, ಊರು ಕಟ್ಟಿ ಸೈನ್ಯ ಬೆಳೆಸಿ ಶತ್ರುವನ್ನು ಸೋಲಿಸುವ ಈ ಕಂಪ್ಯೂಟರ್ ಆಟ 1999ರಲ್ಲಿ ಬಂತು. ಮರುವರ್ಷ 'ದಿ ಕಾಂಕರರ್ಸ್' ಎಂಬ ವಿಸ್ತರಣೆ ಅದಕ್ಕೆ ಸೇರಿತು, 2013ರಲ್ಲಿ 'ಎಚ್‌ಡಿ ಎಡಿಷನ್' ಎಂಬ ಹೆಸರಿನಲ್ಲಿ ಅದೇ ಆಟ ಮತ್ತೆ ಮಾರಾಟಕ್ಕೆ ಬಂತು, 2019ರ ನವೆಂಬರ್‌ನಲ್ಲಿ 'ಡೆಫಿನಿಟಿವ್ ಎಡಿಷನ್' ಎಂದು ಮೂರನೆಯ ಸಲ ಬಂತು. ಒಂದೇ ಆಟಕ್ಕೆ ಮೂರು ಬಾರಿ ದುಡ್ಡು ತೆರಬೇಕೆ ಎಂದು ಕೇಳುವುದು ಜಿಪುಣತನವೇನಲ್ಲ. ನಾನೂ ಬಹಳ ದಿನ ಮೀನಮೇಷ ಎಣಿಸಿ, ಕಡೆಗೆ ಕೊಂಡು, ಈಗ ಸಾಕಷ್ಟು ಕಾಲ ಆಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಈ ಆಟವನ್ನು ಎಂದೂ ಆಡದವರಿಗೆ ಈ ಬರಹದಿಂದ ಹೆಚ್ಚಿನ ಪ್ರಯೋಜನವಿಲ್ಲ, ಅವರು ನೇರವಾಗಿ ಹೊಸದನ್ನೇ ಕೊಳ್ಳಬಹುದು. ಅನುಮಾನ ಇರುವುದು ಹಳೆಯದನ್ನು ಚೆನ್ನಾಗಿ ಬಲ್ಲವರಿಗೆ.

ನನ್ನ ಹಿಂಜರಿಕೆಗೆ ಒಂದು ಹಳೆಯ ಪೆಟ್ಟೂ ಕಾರಣವಾಗಿತ್ತು. ಇನ್ನೊಂದು ಆಟದ (ಅದರ ಹೆಸರು ಇಲ್ಲಿ ಬೇಡ) ರೀಮಾಸ್ಟರ್, ಅಂದರೆ ಹಳೆಯ ಆಟಕ್ಕೆ ಹೊಸ ರೂಪ ಕೊಟ್ಟ ಆವೃತ್ತಿ, ಬಂದಾಗ ಟ್ರೇಲರ್ ನೋಡಿದ ದಿನವೇ ಕೊಂಡುಬಿಟ್ಟಿದ್ದೆ. ಚಿತ್ರಗಳು ಕಣ್ಣಿಗೆ ಹಬ್ಬದಂತಿದ್ದವು. ಆದರೆ ಹಳೆಯ ಆಟದಲ್ಲಿ ಕಣ್ಣು ಮುಚ್ಚಿಕೊಂಡೂ ದಾಟುತ್ತಿದ್ದ ಒಂದು ಕಂದಕವನ್ನು ಹೊಸದರಲ್ಲಿ ಹತ್ತು ಸಲ ಹಾರಿದರೂ ದಾಟಲಾಗಲಿಲ್ಲ. ಗುಂಡಿ ಒತ್ತಿದ್ದಕ್ಕೂ ಪಾತ್ರ ನೆಲ ಬಿಟ್ಟಿದ್ದಕ್ಕೂ ನಡುವೆ ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಿಳಿಯುವ ಒಂದು ತಡ ಬಂದು ಸೇರಿಕೊಂಡಿತ್ತು. ನಾನು ಇಷ್ಟಪಟ್ಟಿದ್ದು ಆ ಆಟದ ಚಿತ್ರಗಳನ್ನಲ್ಲ, ಆ ಜಿಗಿತದ ಲಯವನ್ನು ಎಂದು ಅರಿವಾಗುವಷ್ಟರಲ್ಲಿ ಹಣ ಹಿಂದಕ್ಕೆ ಕೇಳುವ ಗಡುವು ಮುಗಿದಿತ್ತು. ಅಂದಿನಿಂದ ಯಾವ ರೀಮಾಸ್ಟರ್ ಎದುರಾದರೂ ಮೊದಲು ಕೇಳಿಕೊಳ್ಳುವುದು ಇದನ್ನೇ: ಬದಲಾಗಿರುವುದು ತೋರಿಕೆಯೋ, ನಿಯಮವೋ?

'ಏಜ್ ಆಫ್ ಎಂಪೈರ್ಸ್ 2'ರಲ್ಲಿ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಹೊಲಕ್ಕಿಂತ ಒಳ್ಳೆಯ ಜಾಗ ಇಲ್ಲ. 1999ರ ಆಟದಲ್ಲಿ 60 ಮರ ಖರ್ಚು ಮಾಡಿ ಒಂದು ಹೊಲ ಹಾಕಿದರೆ ಅದರಿಂದ 175 ಆಹಾರ ಸಿಗುತ್ತಿತ್ತು, ಗಿರಣಿಯಲ್ಲಿ ಬೇಸಾಯದ ಸುಧಾರಣೆಗಳನ್ನು ಕೈಗೊಂಡರೆ ಇಳುವರಿ ಏರುತ್ತಿತ್ತು. ಅಷ್ಟೂ ತೀರಿದ ಕೂಡಲೇ ಹೊಲ ಬರಡಾಗುತ್ತಿತ್ತು, ರೈತ ಅದರ ಪಕ್ಕದಲ್ಲಿ ಕೈಕಟ್ಟಿಕೊಂಡು ನಿಂತುಬಿಡುತ್ತಿದ್ದ. ದೂರದ ಶತ್ರುವಿನ ಕೋಟೆಯ ಬಾಗಿಲಲ್ಲಿ ನಮ್ಮ ಕುದುರೆ ಸವಾರರು ಹೋರಾಡುತ್ತಿರುವ ಹೊತ್ತಿಗೆ ಇತ್ತ ಊರಿನಲ್ಲಿ ಒಂದರ ಹಿಂದೊಂದರಂತೆ ಏಳೆಂಟು ಹೊಲಗಳು ಒಣಗುತ್ತಿದ್ದವು. ಯುದ್ಧ ಬಿಟ್ಟು ಹಿಂದೆ ಬಂದು ಪ್ರತಿಯೊಂದನ್ನೂ ಕ್ಲಿಕ್ ಮಾಡಿ ಹೊಸದಾಗಿ ಹಾಕಿ ಮರಳುವಷ್ಟರಲ್ಲಿ ಸವಾರರ ಕಥೆ ಮುಗಿದಿರುತ್ತಿತ್ತು. ಮುಂದಿನ ವರ್ಷದ ವಿಸ್ತರಣೆಯಲ್ಲಿ, ಗಿರಣಿಯಲ್ಲಿ ಮುಂಗಡವಾಗಿ ಮರ ಕಟ್ಟಿಟ್ಟರೆ ಒಣಗಿದ ಹೊಲಗಳು ಸರದಿಯಂತೆ ಮತ್ತೆ ಬಿತ್ತನೆಯಾಗುವ ಸೌಲಭ್ಯ ಬಂತು. 2019ರ ಆವೃತ್ತಿಯಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಮರ ಇರುವವರೆಗೆ ಬಿತ್ತನೆ ತಾನಾಗಿಯೇ ನಡೆದುಕೊಂಡು ಹೋಗುತ್ತದೆ.

ಇದನ್ನು ಕೇಳಿದಾಗ ನನಗೆ ಮೊದಲು ಬೇಸರವೇ ಆಯಿತು. ಕಣ್ಣು ಎರಡು ಕಡೆ ಇರಬೇಕಾದ ಆ ತಳಮಳವೇ ಆಟದ ಅರ್ಧ ರುಚಿಯಾಗಿತ್ತಲ್ಲ ಎಂದುಕೊಂಡೆ. ಆಡಿದ ಮೇಲೆ ಅಭಿಪ್ರಾಯ ಬದಲಾಯಿತು. ಮರುಬಿತ್ತನೆಗೆ ಈಗಲೂ ಮರ ತೆರಲೇಬೇಕು, ಅದನ್ನು ಕಡಿದು ತರಲು ಜನರನ್ನು ಈಗಲೂ ನೇಮಿಸಲೇಬೇಕು, ಎಷ್ಟು ಹೊಲ, ಎಷ್ಟು ಮರ ಎಂಬ ಲೆಕ್ಕ ತಪ್ಪಿದರೆ ಈಗಲೂ ಊರು ಉಪವಾಸ ಬೀಳುತ್ತದೆ. ಹೋಗಿರುವುದು ಕ್ಲಿಕ್ ಮಾತ್ರ, ನಿಯಮ ಅಲ್ಲೇ ಇದೆ. ಸೈನಿಕರ ತರಬೇತಿಯ ಸರದಿಯ ಹಿಂದೆಯೇ ಸಂಶೋಧನೆಯನ್ನೂ ಸೇರಿಸಿಡುವ ಅನುಕೂಲ ಮತ್ತು ಯಾವ ಕಟ್ಟಡದಲ್ಲಿ ಏನು ತಯಾರಾಗುತ್ತಿದೆ ಎಂಬುದನ್ನು ಪರದೆಯ ಮೂಲೆಯಲ್ಲೇ ತೋರಿಸುವ ಪಟ್ಟಿ ಕೂಡ ಇದೇ ಜಾತಿಗೆ ಸೇರಿದ ಬದಲಾವಣೆಗಳು. ಫರ್ಗಾಟನ್ ಎಂಪೈರ್ಸ್ ಎಂಬ, ಈ ಆಟದ ಅಭಿಮಾನಿಗಳಿಂದಲೇ ಬೆಳೆದ ತಂಡದ ಕೈಗೆ ಕೆಲಸ ಸಿಕ್ಕಿದ್ದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಎಲ್ಲಿ ಕೈಹಾಕಬಾರದು ಎಂಬುದು ಅವರಿಗೆ ಗೊತ್ತಿತ್ತು.

ತೋರಿಕೆಯ ವಿಷಯದಲ್ಲಿ ನನ್ನ ಮೆಚ್ಚುಗೆ ಅಷ್ಟು ನಿಸ್ಸಂಕೋಚವಾದುದಲ್ಲ. ದೊಡ್ಡ ಪರದೆಯಲ್ಲಿ ಹಳೆಯ ಆಟ ಕಾಳು ಕಾಳಾಗಿ ಒಡೆದು ಕಾಣುತ್ತಿತ್ತು, ಹೊಸದು 4ಕೆ ಪರದೆಯಲ್ಲೂ ಸ್ಪಷ್ಟವಾಗಿದೆ. ಮೌಸಿನ ಚಕ್ರ ತಿರುಗಿಸಿದರೆ ಹತ್ತಿರ ಹೋಗಿ ಕಮ್ಮಾರಸಾಲೆಯ ಹೆಂಚುಗಳನ್ನೂ ನೋಡಬಹುದು, ಗೋಪುರವೊಂದು ಕಲ್ಲು ಕಲ್ಲಾಗಿ ಕುಸಿಯುವುದನ್ನು ಮೊದಲ ಸಲ ನೋಡಿದಾಗ ಆಡುವುದನ್ನೇ ಮರೆತು ಕುಳಿತಿದ್ದೆ. ಆದರೆ ಮರಗಳು ಬಹಳ ಸೊಂಪಾಗಿ ಬೆಳೆದುಬಿಟ್ಟಿವೆ. ಕಾಡಿನ ಅಂಚಿನಲ್ಲಿ ಸೌದೆ ಕಡಿಯುವವನು ಎಲೆಗಳ ಹಿಂದೆ ಮಾಯವಾಗುತ್ತಾನೆ, ಶತ್ರುವಿನ ಬಿಲ್ಲುಗಾರ ಅಲ್ಲಿಯೇ ಅಡಗಿದ್ದರೂ ಬಾಣ ಬಂದ ಮೇಲೆ ತಿಳಿಯುತ್ತದೆ. ಅನುಭವಸ್ಥ ಆಟಗಾರರಲ್ಲಿ ಬಹಳ ಮಂದಿ ಮರಗಳನ್ನು ಗಿಡಗಳಷ್ಟು ಚಿಕ್ಕದಾಗಿಸುವ ಮಾಡ್ (ಆಟಗಾರರೇ ಮಾಡಿಕೊಂಡ ಮಾರ್ಪಾಡು) ಹಾಕಿಕೊಳ್ಳುತ್ತಾರೆ, ನಾನೂ ಹಾಕಿಕೊಂಡಿದ್ದೇನೆ. ಅಷ್ಟು ಶ್ರಮಪಟ್ಟು ಬರೆದ ಚಿತ್ರವನ್ನು ಆಟಗಾರರೇ ಕತ್ತರಿಸಿ ಹಾಕುತ್ತಾರೆ ಎಂದರೆ, ಹಳೆಯ ಆಟದ ಒರಟು ಮರಗಳಲ್ಲಿ ಒಂದು ಜಾಣತನವೂ ಇತ್ತು ಎಂದೇ ಅರ್ಥ.

ಈ ಜಾಣತನವನ್ನು ಗುರುತಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ 2021ರ ನವೆಂಬರ್‌ನಲ್ಲಿ ಬಂದ 'ಗ್ರ್ಯಾಂಡ್ ಥೆಫ್ಟ್ ಆಟೊ' ಸರಣಿಯ ಮೂರು ಆಟಗಳ ರೀಮಾಸ್ಟರ್ ಒಳ್ಳೆಯ ನಿದರ್ಶನ. ಆ ಮೂರರಲ್ಲಿ ಒಂದಾದ 2004ರ 'ಸ್ಯಾನ್ ಆಂಡ್ರಿಯಾಸ್'ನಲ್ಲಿ ದೂರವೆಲ್ಲ ಮಂಜಿನಲ್ಲಿ ಮುಚ್ಚಿರುತ್ತಿತ್ತು. ಅಂದಿನ ಯಂತ್ರಗಳಿಗೆ ಅಷ್ಟು ದೂರದವರೆಗೆ ಚಿತ್ರ ಬಿಡಿಸುವ ಶಕ್ತಿ ಇರಲಿಲ್ಲ ಎಂಬುದು ಅದರ ಕಾರಣ. ಆದರೆ ಆ ಮಂಜಿನಿಂದಾಗಿಯೇ ಮೂರು ನಗರಗಳು ಒಂದಕ್ಕೊಂದು ಬಹುದೂರದಲ್ಲಿವೆ ಎನ್ನಿಸುತ್ತಿತ್ತು. ರೀಮಾಸ್ಟರ್‌ನಲ್ಲಿ ಮಂಜು ಸರಿದಾಗ ಎತ್ತರದಲ್ಲಿ ನಿಂತವನಿಗೆ ಇಡೀ ರಾಜ್ಯ ಹಿತ್ತಿಲಿನಷ್ಟು ಚಿಕ್ಕದಾಗಿ ಕಂಡಿತು. ಅಂಗಡಿ ಫಲಕಗಳ ಅಕ್ಷರಗಳೂ ಯಂತ್ರದ ತಿದ್ದುವಿಕೆಯಲ್ಲಿ ತಪ್ಪುತಪ್ಪಾಗಿದ್ದವು. ಇವೆಲ್ಲಕ್ಕಿಂತ ಹೆಚ್ಚಾಗಿ ಜನರನ್ನು ಕೆರಳಿಸಿದ್ದು, ಹೊಸದು ಬರುವ ಮುನ್ನ ಹಳೆಯ ಆವೃತ್ತಿಗಳನ್ನು ಆನ್‌ಲೈನ್ ಮಳಿಗೆಗಳಿಂದ ತೆಗೆದುಹಾಕಿದ್ದು. ಆ ಆಟಗಳನ್ನು ಹೊರತಂದ ರಾಕ್‌ಸ್ಟಾರ್ ಸಂಸ್ಥೆ ಕ್ಷಮೆ ಕೇಳಿ, ಕಂಪ್ಯೂಟರಿನ ಹಳೆಯ ಆವೃತ್ತಿಗಳನ್ನು ಮತ್ತೆ ಒದಗಿಸಬೇಕಾಯಿತು. 2020ರ ಜನವರಿಯಲ್ಲಿ ಬಂದ 'ವಾರ್‌ಕ್ರಾಫ್ಟ್ 3: ರೀಫೋರ್ಜ್ಡ್' ಕೂಡ ಇದೇ ದಾರಿ ಹಿಡಿದಿತ್ತು. ಹೊಸದನ್ನು ಕೊಳ್ಳದೆ ಹಳೆಯದನ್ನೇ ಆನ್‌ಲೈನ್‌ನಲ್ಲಿ ಆಡಿಕೊಂಡಿದ್ದವರ ಮೇಲೂ ಹೊಸ ತಂತ್ರಾಂಶವೇ ಬಂದು ಕುಳಿತಿತು, ಹಿಂದೆ ಇದ್ದ ಕೆಲವು ಸೌಲಭ್ಯಗಳು ಅದರಲ್ಲಿ ಇರಲಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿಯೂ ಇದೆ. 2017ರ 'ಸ್ಟಾರ್‌ಕ್ರಾಫ್ಟ್ ರೀಮಾಸ್ಟರ್ಡ್'ನಲ್ಲಿ ಎಫ್5 ಕೀಲಿ ಒತ್ತಿದರೆ ಆ ಕ್ಷಣವೇ 1998ರ ಚಿತ್ರಗಳು ಮರಳುತ್ತವೆ. 2021ರ 'ಡಯಾಬ್ಲೊ 2: ರಿಸರೆಕ್ಟೆಡ್'ನಲ್ಲಿ ಮೇಲ್ಪದರದ ಮೂರು ಆಯಾಮದ ಚಿತ್ರದ ಕೆಳಗೆ ಹಳೆಯ ಆಟವೇ ತನ್ನ ಹಳೆಯ ವೇಗದಲ್ಲಿ, ಸೆಕೆಂಡಿಗೆ 25 ಬಾರಿ ಲೆಕ್ಕ ಹಾಕುತ್ತ ಓಡುತ್ತಿರುತ್ತದೆ, ಜಿ ಕೀಲಿ ಒತ್ತಿದರೆ ಮೇಲ್ಪದರ ಸರಿದು ಅದೇ ಕಾಣಿಸುತ್ತದೆ. ಒಂದು ಕೀಲಿಯಿಂದ ಹಳೆಯದನ್ನು ಪಕ್ಕದಲ್ಲೇ ನಿಲ್ಲಿಸಿ ತೋರಿಸುವ ಧೈರ್ಯ ಇದ್ದವರು ಹೋಲಿಕೆಗೆ ಅಂಜಿದವರಲ್ಲ. 'ಏಜ್ ಆಫ್ ಎಂಪೈರ್ಸ್ 2'ರ ಹೊಸ ಆವೃತ್ತಿಯಲ್ಲಿ ಇಂಥ ಕೀಲಿ ಇಲ್ಲ ಎಂಬುದು ನನ್ನ ದೊಡ್ಡ ಆಕ್ಷೇಪ. ಇದೇ ಸರಣಿಯ ಮೊದಲ ಆಟದ 2018ರ ರೀಮಾಸ್ಟರ್‌ನಲ್ಲಿ ಹಳೆಯ ರೂಪದಲ್ಲಿ ಆಡುವ ಆಯ್ಕೆ ಇದ್ದುದರಿಂದ ಆ ಕೊರತೆ ಇನ್ನಷ್ಟು ಚುಚ್ಚುತ್ತದೆ. ಸಮಾಧಾನದ ಸಂಗತಿಯೆಂದರೆ ಕಂಪ್ಯೂಟರ್ ಎದುರಾಳಿಯನ್ನು ಆರಿಸುವಾಗ ಹೊಸ ಬುದ್ಧಿಯ ಜೊತೆಗೆ ಸಿ.ಡಿ. ಕಾಲದ ಹಳೆಯ ಬುದ್ಧಿಯನ್ನೂ ಆರಿಸಿಕೊಳ್ಳಬಹುದು. ಹಿಂದೆ ಅತಿ ಕಠಿಣ ಮಟ್ಟದ ಎದುರಾಳಿ ಕದ್ದುಮುಚ್ಚಿ ಹೆಚ್ಚುವರಿ ಸಂಪನ್ಮೂಲ ಪಡೆದು ಗೆಲ್ಲುತ್ತಿದ್ದ, ಹೊಸಬ ಅಂಥ ಮೋಸವಿಲ್ಲದೆಯೇ ಗೆಲ್ಲುತ್ತಾನೆ. ಹಳಬನನ್ನು ಸೋಲಿಸಿ ಬೀಗುತ್ತಿದ್ದ ನಾನು ಹೊಸಬನ ಕೈಯಲ್ಲಿ ಮೊದಲ ವಾರವೆಲ್ಲ ಮಣ್ಣು ಮುಕ್ಕಿದೆ.

ಆಟದ ಮೊತ್ತ ಬೆಳೆದಿರುವುದಂತೂ ನಿಜ. 1999ರಲ್ಲಿ ಆಟಗಾರ ತನ್ನ ಪಕ್ಷವಾಗಿ ಆರಿಸಿಕೊಳ್ಳಲು 13 ನಾಗರಿಕತೆಗಳಿದ್ದವು, ಮರುವರ್ಷ 18 ಆದವು, 2019ರ ಆವೃತ್ತಿ ಬಂದಾಗ 35 ಇದ್ದವು. ಅನಂತರದವು ಪ್ರತ್ಯೇಕವಾಗಿ ಕೊಳ್ಳಬೇಕಾದ ವಿಸ್ತರಣೆಗಳಲ್ಲಿ ಬರುತ್ತಿವೆ. ಇವುಗಳಲ್ಲಿ 2022ರ 'ಡೈನಾಸ್ಟೀಸ್ ಆಫ್ ಇಂಡಿಯಾ' ನಮ್ಮ ಓದುಗರ ಕುತೂಹಲ ಕೆರಳಿಸಬಹುದು. ಅದುವರೆಗೆ 'ಇಂಡಿಯನ್ಸ್' ಎಂದು ಒಂದೇ ಹೆಸರಿನಡಿ ಇದ್ದವರನ್ನು ಅದು ಹಿಂದೂಸ್ತಾನಿಗಳು, ಬಂಗಾಳಿಗಳು, ಗುರ್ಜರರು, ದ್ರಾವಿಡರು ಎಂದು ವಿಂಗಡಿಸಿತು. ದ್ರಾವಿಡರ ಕಥಾಸರಣಿ ರಾಜೇಂದ್ರ ಚೋಳನದು, ಅದರಲ್ಲಿ ಚಾಲುಕ್ಯರು ಎದುರಾಳಿಗಳು. ನಮ್ಮವರ ಮೇಲೆಯೇ ದಂಡೆತ್ತಿ ಹೋಗುವಾಗ ಕೈ ಸ್ವಲ್ಪ ತಡೆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮೊದಲು ಮೂಲ ಆಟವನ್ನಷ್ಟೇ ಕೊಳ್ಳುವುದು ಲೇಸು. ಅದರೊಳಗೇ ತಿಂಗಳುಗಟ್ಟಲೆ ಆಡುವಷ್ಟು ಸರಕಿದೆ.

ಹಳೆಯ ಸಿ.ಡಿ.ಯ ಒಂದು ಸುಖವನ್ನು ಮಾತ್ರ ಹೊಸದು ಕೊಡಲಾರದು. ಆಗ ಎರಡು ಕಂಪ್ಯೂಟರುಗಳನ್ನು ಒಂದು ತಂತಿಯಿಂದ ಜೋಡಿಸಿದರೆ ಆಟ ಶುರುವಾಗುತ್ತಿತ್ತು, ಈಗ ಇಬ್ಬರು ಸೇರಿ ಆಡಬೇಕಾದರೆ ಖಾತೆ ತೆರೆದು ಲಾಗಿನ್ ಆಗಬೇಕು. ಅಪರಿಚಿತರೊಡನೆ ರ‍್ಯಾಂಕಿಂಗ್ ಪಂದ್ಯ ಆಡುವ ಮೊದಲು ಆಟವೇ ನಮ್ಮ ಕಂಪ್ಯೂಟರಿನ ಸಾಮರ್ಥ್ಯವನ್ನು ಪರೀಕ್ಷಿಸಿ ಅಂಕ ಕೊಡುತ್ತದೆ. ಅದರಲ್ಲಿ 1000 ಅಂಕ ಬಾರದಿದ್ದರೆ ಆ ಬಾಗಿಲು ತೆರೆಯುವುದಿಲ್ಲ. ಒಬ್ಬರ ಯಂತ್ರ ತೆವಳಿದರೆ ಎಂಟು ಜನರ ಆಟವೂ ತೆವಳುತ್ತದೆಯಾದ್ದರಿಂದ ಈ ಕಟ್ಟುನಿಟ್ಟು ನ್ಯಾಯವೇ. ಆದರೆ ಹಳೆಯ ಆಟ ಓಡುತ್ತಿತ್ತಲ್ಲ ಎಂಬ ಧೈರ್ಯದ ಮೇಲೆ ಹಳೆಯ ಲ್ಯಾಪ್‌ಟಾಪಿನವರು ಇದನ್ನು ಕೊಳ್ಳಬಾರದು.

ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ಕೊಂಡರೆ 14 ದಿನಗಳ ಒಳಗೆ, ಆಡಿದ ಅವಧಿ ಎರಡು ಗಂಟೆ ಮೀರದಿದ್ದರೆ, ಹಣ ವಾಪಸು ಕೇಳಬಹುದು. ಆ ಎರಡು ಗಂಟೆಗಳನ್ನು ಪರಿಚಯದ ವೀಡಿಯೋ ನೋಡುತ್ತ ಕಳೆಯದೆ, ಮೊದಲು ಸಾಮರ್ಥ್ಯದ ಪರೀಕ್ಷೆಯನ್ನು ಮುಗಿಸಿಕೊಳ್ಳಿ. ಬಳಿಕ ನಿಮಗೆ ಬಾಯಿಪಾಠವಾಗಿರುವ ನಾಗರಿಕತೆಯನ್ನೇ ಆರಿಸಿ, ಸಿ.ಡಿ. ಕಾಲದ ಎದುರಾಳಿಯ ಮೇಲೆ ಒಂದು ಪಂದ್ಯ ಆಡಿ. ಬೆರಳುಗಳು ದಾರಿ ತಪ್ಪದೆ ಹೋದರೆ ಇಟ್ಟುಕೊಳ್ಳಿ. ಒಂದು ಸಂಜೆ ಹಳೆಯ ಸದ್ದುಗಳನ್ನು ಕೇಳಿ ಸಂತೋಷಪಟ್ಟರೆ ಸಾಕು ಎನ್ನುವವರು ಆ ಎರಡು ಗಂಟೆಯಲ್ಲೇ ತೃಪ್ತರಾಗುತ್ತಾರೆ, ಅವರು ಹಣ ಹಿಂದಕ್ಕೆ ಪಡೆದರೂ ತಪ್ಪಿಲ್ಲ. ನಾನು ಇಟ್ಟುಕೊಂಡೆ. ಹೊಲಗಳ ಮರುಬಿತ್ತನೆಯನ್ನು ಆಟಕ್ಕೇ ಬಿಟ್ಟುಕೊಟ್ಟಿದ್ದೇನೆ. ಕುದುರೆಯ ಗೂಢಚಾರ ತಾನೇ ನಾಡೆಲ್ಲ ಸುತ್ತಿ ಬರುವ ಸೌಲಭ್ಯವೂ ಇದರಲ್ಲಿ ಇದೆ, ಆದರೆ ಅದನ್ನು ಎಂದೂ ಬಳಸಿಲ್ಲ. ಕತ್ತಲು ಕವಿದ ನಕ್ಷೆಯ ಅಂಚಿನಲ್ಲಿ ಮೊದಲ ಕುರಿಗಳನ್ನು ಹುಡುಕಿ ತರುವುದು ಇವತ್ತಿಗೂ ನನ್ನದೇ ಕೆಲಸ.